ಪೆಬಲ್ ವಾಚ್ ಮತ್ತೆ ಬಂದಿದೆ, ಕೋಡೂ ಬಯಲಿಗೆ ಬಂದಿದೆ. ಹಾಗಾದರೆ ಜಗಳ ಯಾಕೆ?

2016ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿದ ಕಂಪನಿಯ ಸ್ಮಾರ್ಟ್‌ವಾಚ್ 2025ರಲ್ಲಿ ಮತ್ತೆ ಮಾರಾಟಕ್ಕೆ ಬಂತು. ಅದನ್ನು ನಡೆಸುವ ಸಾಫ್ಟ್‌ವೇರನ್ನು ಗೂಗಲ್ ಎಲ್ಲರಿಗೂ ಬಿಟ್ಟುಕೊಟ್ಟಿತು. ಹತ್ತು ವರ್ಷ ಹಳೇ ಆಪ್‌ಗಳು ಹೊಸ ವಾಚಿನಲ್ಲಿ ಓಡಿದವು. ಆಪ್ ಬರೆಯುವ ಡೆವಲಪರ್‌ಗಳ ಉಪಕರಣಗಳೂ ಹೊಸದಾದವು. ಎಲ್ಲ ಒಳ್ಳೇ ಸುದ್ದಿಯೇ. ಅಷ್ಟರಲ್ಲಿ, ಅದೇ ವರ್ಷ ನವೆಂಬರ್‌ನಲ್ಲಿ, 'ನಮ್ಮ ಕೆಲಸವನ್ನು ಕದಿಯುತ್ತಿದ್ದಾರೆ' ಎಂಬ ದೂರು ಬಂತು. ದೂರಿದವರು ಎದುರಾಳಿ ಕಂಪನಿಯವರಲ್ಲ. ಕಂಪನಿ ಮುಚ್ಚಿದ ಮೇಲೂ ಈ ವಾಚನ್ನು ವರ್ಷಗಟ್ಟಲೆ ಬದುಕಿಸಿಕೊಂಡು ಬಂದ 'ರೆಬಲ್' ಎಂಬ ಅಭಿಮಾನಿ ಡೆವಲಪರ್‌ಗಳ ಗುಂಪು.

ಕೋಡೇ ತೆರೆದಿದೆ ಅಂದ ಮೇಲೆ ಕದಿಯೋಕೆ ಏನಿದೆ? ಸುದ್ದಿ ಓದಿದ ಬಹಳ ಜನಕ್ಕೆ ಬಂದ ಪ್ರಶ್ನೆ ಇದು. ವಾಚಿನ ಒಳಗೆ ಹುಡುಕಿದರೆ ಉತ್ತರ ಸಿಗುವುದಿಲ್ಲ. ವಾಚಿನ ಸುತ್ತ ಇರುವ ಫೋನ್ ಆಪ್, ಸರ್ವರ್, ಆಪ್‌ಸ್ಟೋರ್ ಇವುಗಳನ್ನು ನೋಡಬೇಕು.

ಅದಕ್ಕೂ ಮೊದಲು ಒಂದು ಸಣ್ಣ ಗೊಂದಲ ಬಗೆಹರಿಸೋಣ. ನಮ್ಮ ಆನ್‌ಲೈನ್ ಅಂಗಡಿಗಳಲ್ಲಿ ಪೆಬಲ್ ಎಂಬ ಹೆಸರಿನ ಭಾರತೀಯ ಬ್ರಾಂಡಿನ ವಾಚುಗಳೂ ಸಿಗುತ್ತವೆ. ಹೆಸರು ಒಂದೇ, ಕಂಪನಿ ಬೇರೆ. ಇಲ್ಲಿ ಹೇಳುತ್ತಿರುವುದು ಅಮೆರಿಕದ ಪೆಬಲ್ ಬಗ್ಗೆ.

ಹಳೇ ಕಥೆ

2012ರ ಏಪ್ರಿಲ್‌ನಲ್ಲಿ ಎರಿಕ್ ಮಿಜಿಕೋವ್ಸ್ಕಿ ಎಂಬ ಕೆನಡಾದ ಎಂಜಿನಿಯರ್ ಜನರಿಂದ ಮುಂಗಡ ಹಣ ಸಂಗ್ರಹಿಸುವ ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದಲ್ಲಿ ಒಂದು ಲಕ್ಷ ಡಾಲರ್ ಕೇಳಿದ. ಫೋನಿಗೆ ಬಂದ ಮೆಸೇಜನ್ನು ಕೈಮೇಲೆ ತೋರಿಸುವ ವಾಚು ಮಾಡುತ್ತೇನೆ ಅಂದ. ಒಂದು ಲಕ್ಷ ಎರಡೇ ಗಂಟೆಯಲ್ಲಿ ಬಂತು. ತಿಂಗಳು ಕಳೆಯುವಷ್ಟರಲ್ಲಿ ಸುಮಾರು 69,000 ಜನ ಸೇರಿ ಒಂದು ಕೋಟಿ ಡಾಲರ್‌ಗೂ ಜಾಸ್ತಿ ಕೊಟ್ಟಿದ್ದರು. ಆಗಿನ್ನೂ ಆಪಲ್ ವಾಚ್ ಇರಲಿಲ್ಲ. ಸೆಪ್ಟೆಂಬರ್‌ಗೆ ಕೊಡುತ್ತೇವೆ ಅಂದಿದ್ದ ವಾಚು 2013ರ ಜನವರಿಯಲ್ಲಿ ಜನರ ಕೈಸೇರತೊಡಗಿತು.

2015ರಲ್ಲಿ ಬಣ್ಣದ ಪರದೆಯ ಪೆಬಲ್ ಟೈಮ್ ಬಂತು. ಅದಕ್ಕೆ ಎರಡು ಕೋಟಿ ಡಾಲರ್ ದಾಟಿತು. ಅದೇ ವರ್ಷ ಆಪಲ್ ವಾಚೂ ಮಾರುಕಟ್ಟೆಗೆ ಇಳಿಯಿತು. ಪೆಬಲ್ ತನ್ನ ದಾರಿ ಬಿಟ್ಟು ಫಿಟ್‌ನೆಸ್ ಕಡೆ ಹೊರಳಿತು. ಅಂದುಕೊಂಡಷ್ಟು ವಾಚು ಮಾರಲಿಲ್ಲ, ದುಡ್ಡು ಮುಗಿಯಿತು. ಒಟ್ಟು 20 ಲಕ್ಷಕ್ಕೂ ಹೆಚ್ಚು ವಾಚು ಮಾರಿದ್ದ ಕಂಪನಿ 2016ರ ಕೊನೆಗೆ ಮುಚ್ಚಿತು. ಅದರ ಸಾಫ್ಟ್‌ವೇರನ್ನು ಫಿಟ್‌ನೆಸ್ ಬ್ಯಾಂಡ್ ಮಾಡುವ ಫಿಟ್‌ಬಿಟ್ ಕಂಪನಿ ಕೊಂಡುಕೊಂಡಿತು. ಮುಂಗಡ ಕೊಟ್ಟು ಕಾಯುತ್ತಿದ್ದವರ ಪೆಬಲ್ ಟೈಮ್ 2 ಬರಲೇ ಇಲ್ಲ, ಹಣ ವಾಪಸ್ ಆಯಿತು. ಆಮೇಲೆ ಫಿಟ್‌ಬಿಟ್ಟನ್ನೇ ಗೂಗಲ್ ಕೊಂಡಿತು. 2021ರ ಜನವರಿಯಲ್ಲಿ ಆ ವ್ಯವಹಾರ ಮುಗಿದಾಗ ಪೆಬಲ್ ಕೋಡೂ ಅದರ ಜೊತೆಗೇ ಗೂಗಲ್ ಮನೆ ಸೇರಿತು.

ಫಿಟ್‌ಬಿಟ್ 2018ರ ಜೂನ್ 30ಕ್ಕೆ ಪೆಬಲ್ ಸರ್ವರ್‌ಗಳನ್ನು ನಿಲ್ಲಿಸಿತು. ಸರ್ವರ್ ನಿಂತರೆ ವಾಚಿಗೆ ಏನಾಗುತ್ತದೆ? ಸಮಯ ತೋರಿಸುತ್ತದೆ, ನೋಟಿಫಿಕೇಶನ್ನೂ ಬರುತ್ತದೆ. ಆದರೆ ಆಪ್‌ಸ್ಟೋರ್ ತೆರೆಯುವುದಿಲ್ಲ, ಹವಾಮಾನ ಬರುವುದಿಲ್ಲ, ಮಾತನಾಡಿದ್ದು ಅಕ್ಷರ ಆಗುವುದಿಲ್ಲ. ಹೊಸ ಫೋನ್ ಕೊಂಡರೆ ವಾಚನ್ನು ಹೊಂದಿಸುವುದೂ ಕಷ್ಟ. ಆಗ ಮುಂದೆ ಬಂದವರು ರೆಬಲ್‌ನವರು. ಆಪ್‌ಸ್ಟೋರ್ ಮುಚ್ಚುವ ಮೊದಲೇ ಅದರಲ್ಲಿದ್ದ ಆಪ್‌ಗಳನ್ನು ಇಳಿಸಿಟ್ಟುಕೊಂಡರು. ತಮ್ಮದೇ ಸರ್ವರ್ ಕಟ್ಟಿಕೊಂಡರು. ಹವಾಮಾನ ಮತ್ತು ಧ್ವನಿ ಸೇವೆಗೆ ತಿಂಗಳಿಗೆ 3 ಡಾಲರ್ ಚಂದಾ ಇಟ್ಟರು, ಉಳಿದದ್ದೆಲ್ಲ ಉಚಿತ. ಇದನ್ನು ಮರೆತರೆ ಇವತ್ತಿನ ಜಗಳದ ತಲೆಬುಡ ಅರ್ಥ ಆಗುವುದಿಲ್ಲ.

ಮತ್ತೆ ಹುಟ್ಟಿದ್ದು ಹೇಗೆ

2025ರ ಜನವರಿ 27ರಂದು ಗೂಗಲ್, ವಾಚನ್ನು ನಡೆಸುವ ಸಾಫ್ಟ್‌ವೇರಾದ ಪೆಬಲ್ ಓಎಸ್‌ನ ಮೂಲ ಕೋಡನ್ನು ಅಪಾಚೆ 2.0 ಲೈಸೆನ್ಸ್ ಅಡಿ ಪ್ರಕಟಿಸಿತು. ಈ ಲೈಸೆನ್ಸ್ ತುಂಬ ಸಡಿಲ. ಯಾರು ಬೇಕಾದರೂ ಕೋಡ್ ಬಳಸಬಹುದು, ಬದಲಾಯಿಸಬಹುದು, ಮಾರುವ ವಸ್ತುವಿನಲ್ಲೂ ಹಾಕಬಹುದು. ಬದಲಾಯಿಸಿದ್ದನ್ನು ವಾಪಸ್ ಹಂಚಲೇಬೇಕು ಎಂಬ ಕಟ್ಟುಪಾಡಿಲ್ಲ. ಬೇರೆಯವರಿಗೆ ಸೇರಿದ ತುಣುಕುಗಳನ್ನು, ಮುಖ್ಯವಾಗಿ ಬ್ಲೂಟೂತ್ ಭಾಗವನ್ನು, ಗೂಗಲ್ ತೆಗೆದುಬಿಟ್ಟಿತ್ತು. ಹಾಗಾಗಿ ಕೋಡನ್ನು ಇದ್ದಹಾಗೇ ವಾಚಿಗೆ ಹಾಕುವಂತಿರಲಿಲ್ಲ. ಆದರೂ ಅಡಿಪಾಯ ಸಿಕ್ಕಿತು.

ಅದರ ಮೇಲೆ ಮಿಜಿಕೋವ್ಸ್ಕಿ ಕೋರ್ ಡಿವೈಸಸ್ ಎಂಬ ಸಣ್ಣ ಕಂಪನಿ ಕಟ್ಟಿದ. ಹೂಡಿಕೆದಾರರಿಲ್ಲ, ಸ್ವಂತ ದುಡ್ಡು. ಮಾರ್ಚ್‌ನಲ್ಲಿ ಎರಡು ವಾಚು ಪ್ರಕಟಿಸಿದ. 149 ಡಾಲರ್‌ಗೆ ಕಪ್ಪು ಬಿಳುಪಿನದು, 225 ಡಾಲರ್‌ಗೆ ಬಣ್ಣದ್ದು. ಆಗ ಪೆಬಲ್ ಎಂಬ ಹೆಸರು ಬಳಸುವ ಹಕ್ಕು ಆತನ ಬಳಿ ಇರಲಿಲ್ಲ. ಜುಲೈನಲ್ಲಿ ಹೆಸರು ವಾಪಸ್ ಸಿಕ್ಕಿತು. ಮೊದಲನೆಯದು ಪೆಬಲ್ 2 ಡ್ಯುಯೋ ಆಯಿತು, ಎರಡನೆಯದು ಪೆಬಲ್ ಟೈಮ್ 2. 2016ರಲ್ಲಿ ಬರದೇ ಹೋದ ವಾಚಿನ ಹೆಸರೇ ಅದು.

ಮೊದಲ ಮಾತುಗಳು

2 ಡ್ಯುಯೋ ಕೈಗೆ ಸಿಕ್ಕವರು ಮೊದಲು ಹೊಗಳಿದ್ದು ಬ್ಯಾಟರಿಯನ್ನು. ಒಂದು ಸಲ ಚಾರ್ಜ್ ಮಾಡಿದರೆ ಸುಮಾರು 30 ದಿನ ಎಂದು ಕಂಪನಿ ಹೇಳುತ್ತದೆ. ದಿನಾ ರಾತ್ರಿ ವಾಚು ಬಿಚ್ಚಿ ಚಾರ್ಜಿಗೆ ಇಡುವವರಿಗೆ ಇದು ದೊಡ್ಡ ವಿಷಯವೇ. ಮ್ಯಾಜಿಕ್ ಏನಿಲ್ಲ. ಪರದೆಯ ಪ್ರತಿ ಚುಕ್ಕಿ ತಾನಿದ್ದ ಸ್ಥಿತಿಯನ್ನು ತಾನೇ ನೆನಪಿಟ್ಟುಕೊಳ್ಳುತ್ತದೆ. ಚಿತ್ರ ಬದಲಾದಾಗ ಮಾತ್ರ ಜಾಸ್ತಿ ಕರೆಂಟ್ ಬೇಕು. ಹೊರಗಿನ ಬೆಳಕೇ ಸಾಕು, ಬಿಸಿಲಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಇದನ್ನು ಇ-ಪೇಪರ್ ಅಂತ ಕರೆಯುತ್ತಾರೆ, ಆದರೆ ಕಿಂಡಲ್‌ನಲ್ಲಿರುವ ಇ-ಇಂಕ್ ಅಲ್ಲ. ಕಡಿಮೆ ಕರೆಂಟ್ ಕುಡಿಯುವ ಒಂದು ಬಗೆಯ ಎಲ್‌ಸಿಡಿ. ಒಳಗಿರುವುದೂ ಫೋನಿನಂಥ ಪ್ರೊಸೆಸರ್ ಅಲ್ಲ, ಪುಟ್ಟ ಮೈಕ್ರೋಕಂಟ್ರೋಲರ್. ಕೆಲಸ ಇಲ್ಲದಾಗ ಮಲಗುತ್ತದೆ, ಕರೆದಾಗ ಏಳುತ್ತದೆ.

ಎರಡನೇ ಹೊಗಳಿಕೆ ಗುಂಡಿಗಳಿಗೆ. ಮಳೆಯಲ್ಲಿ, ಒದ್ದೆ ಕೈಯಲ್ಲಿ, ನೋಡದೆಯೇ ಒತ್ತಬಹುದು.

ತೆಗಳಿಕೆಯೂ ಬಂತು. 2 ಡ್ಯುಯೋ ನೋಡೋಕೆ 2016ರ ವಾಚಿನ ಥರಾನೇ ಇದೆ. ಅದಕ್ಕೆ ಕಾರಣ ಇದೆ: ಹಳೇ ಪೆಬಲ್ 2ಕ್ಕಾಗಿ ಮಾಡಿ ಉಳಿದಿದ್ದ ಭಾಗಗಳನ್ನೇ ಬಳಸಿ ಕಟ್ಟಿದ್ದಾರೆ. ಪ್ಲಾಸ್ಟಿಕ್ ಮೈ, 1.26 ಇಂಚಿನ ಪರದೆ, ಹೃದಯಬಡಿತ ಅಳೆಯುವ ಸೆನ್ಸರ್ ಇಲ್ಲ, ಟಚ್ ಇಲ್ಲ. ಟಚ್, ಲೋಹದ ಚೌಕಟ್ಟು, ಹೃದಯಬಡಿತ ಬೇಕಂದರೆ ಟೈಮ್ 2ಕ್ಕೆ ಹೋಗಬೇಕು.

ನಮ್ಮಲ್ಲಿ ಎರಡು ಸಾವಿರ ರೂಪಾಯಿಗೆ ಹೊಳೆಯುವ ಪರದೆಯ ವಾಚು ಸಿಗುತ್ತದೆ. ಅದರಲ್ಲಿ ಹೃದಯಬಡಿತ, ಬ್ಲೂಟೂತ್ ಕರೆ ಎಲ್ಲ ಇರುತ್ತದೆ. ಹನ್ನೆರಡು ಸಾವಿರಕ್ಕೂ ಜಾಸ್ತಿ ಕೊಟ್ಟು ಕಪ್ಪು ಬಿಳುಪಿನ ವಾಚು ಯಾಕೆ ಕೊಳ್ಳಬೇಕು ಅಂತ ಕೇಳುವುದು ತಪ್ಪಲ್ಲ. ವ್ಯತ್ಯಾಸ ಒಂದೇ, ಆದರೆ ದೊಡ್ಡದು. ಆ ಅಗ್ಗದ ವಾಚುಗಳಲ್ಲಿ ಹೆಚ್ಚಿನವು ಮುಚ್ಚಿದ ಡಬ್ಬಿ. ಕಂಪನಿ ಕೊಟ್ಟದ್ದಷ್ಟೇ ಓಡುತ್ತದೆ, ಬೇರೆಯವರು ಅದಕ್ಕೆ ಆಪ್ ಬರೆಯುವ ಹಾಗಿಲ್ಲ. ಪೆಬಲ್‌ಗೆ ಬರೆಯಬಹುದು. ಬರೆದವರು ಸಾವಿರಾರು ಜನ ಇದ್ದಾರೆ. ಈ ವಾಚು ಸತ್ತರೂ ಸಾಯದೇ ಉಳಿದಿದ್ದು ಅವರಿಂದ.

ಡೆವಲಪರ್ ಉಪಕರಣ: ಹತ್ತಿರದಿಂದ ನೋಡಿದರೆ

ಪೆಬಲ್ ಆಪ್ ಬರೆಯುವುದು ಸಿ ಭಾಷೆಯಲ್ಲಿ. ಮೊದಲ ಪೆಬಲ್‌ನಲ್ಲಿ ಒಂದು ಆಪ್‌ಗೆ ಸಿಗುತ್ತಿದ್ದ ಮೆಮೊರಿ 24 ಕಿಲೋಬೈಟ್. ಕೋಡು, ಡೇಟಾ ಎರಡೂ ಸೇರಿ. ಫೋನಲ್ಲಿ ತೆಗೆದ ಒಂದು ಫೋಟೋಗೆ ಇದರ ನೂರು ಪಟ್ಟು ಜಾಗ ಬೇಕು. ಮುಂದಿನ ವಾಚುಗಳಲ್ಲಿ ಇದು 64ಕ್ಕೆ ಏರಿತು, ಟೈಮ್ 2ಗಾಗಿ ರೂಪಿಸಿದ ವೇದಿಕೆಯಲ್ಲಿ 128ಕ್ಕೆ. ಪ್ರತಿ ವೇದಿಕೆಗೂ, ಅಂದರೆ ಪ್ರತಿ ಬಗೆಯ ವಾಚಿಗೂ, ಒಂದು ಕಲ್ಲಿನ ಹೆಸರು: ಆಪ್ಲೈಟ್, ಬಸಾಲ್ಟ್, ಚಾಕ್, ಡಯೊರೈಟ್, ಎಮರಿ, ಫ್ಲಿಂಟ್. ಪೆಬಲ್ ಅಂದರೇ ಬೆಣಚುಕಲ್ಲು ತಾನೇ. ವಿಜಯಪುರದ ಗೋಳಗುಮ್ಮಟ ಕಟ್ಟಿದ್ದೂ ಬಸಾಲ್ಟ್ ಕಲ್ಲಿನಲ್ಲೇ.

ಒಂದು ವಾಚ್‌ಫೇಸ್, ಅಂದರೆ ಪರದೆ ಮೇಲೆ ಸಮಯ ತೋರಿಸುವ ಪುಟ್ಟ ಪ್ರೋಗ್ರಾಂ, ಬರೆಯೋದು ಹೇಗೆ ಅಂತ ನೋಡೋಣ. ಪ್ರೋಗ್ರಾಂ ಮೊದಲು ಪರದೆ ಮೇಲೆ ಒಂದು ಪದರ ಇಡುತ್ತದೆ. ಆಮೇಲೆ ಗಡಿಯಾರದ ಸೇವೆಗೆ 'ನಿಮಿಷ ಬದಲಾದಾಗ ನನ್ನನ್ನು ಕರೆ' ಎಂದು ಒಂದೇ ಸಾಲಿನಲ್ಲಿ ಹೇಳಿಡುತ್ತದೆ. ಅಷ್ಟೇ, ಮಲಗುತ್ತದೆ. ನಿಮಿಷಕ್ಕೊಮ್ಮೆ ಎಬ್ಬಿಸಿದಾಗ ಹೊಸ ಸಮಯ ಬರೆದು ಮತ್ತೆ ಮಲಗುತ್ತದೆ. 'ಸೆಕೆಂಡಿಗೊಮ್ಮೆ ಕರೆ' ಎಂದು ಬರೆದರೆ ಬ್ಯಾಟರಿ ಬೇಗ ಖಾಲಿ. 30 ದಿನದ ಬ್ಯಾಟರಿ ಹಾರ್ಡ್‌ವೇರ್ ಒಂದರಿಂದ ಬಂದದ್ದಲ್ಲ. ಉಪಕರಣವೇ ಡೆವಲಪರ್‌ಗೆ ಮಿತವಾಗಿ ಬರೆಯುವುದನ್ನು ಅಭ್ಯಾಸ ಮಾಡಿಸುತ್ತದೆ.

ಬರೆದದ್ದನ್ನು ಫೋನಿನ ಆಪ್ ಮೂಲಕ ವಾಚಿಗೆ ಕಳಿಸಿದರೆ ಕೆಲವೇ ಸೆಕೆಂಡಿನಲ್ಲಿ ಕೈಮೇಲೆ ಕಾಣುತ್ತದೆ. ವಾಚಿಲ್ಲದವರಿಗೆ ಕಂಪ್ಯೂಟರಿನಲ್ಲೇ ಓಡುವ, ವಾಚಿನಂತೆಯೇ ವರ್ತಿಸುವ ಎಮ್ಯುಲೇಟರ್ ಇದೆ. ಬರೆದ ಕೂಡಲೇ ಕಣ್ಣಿಗೆ ಕಾಣುವುದು ಹೊಸಬರಿಗೆ ತುಂಬ ಮುಖ್ಯ.

ತೊಂದರೆ ಇದ್ದದ್ದು ಬೇರೆ ಕಡೆ. ಹಳೇ ಉಪಕರಣಗಳು ಪೈಥಾನ್ 2 ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೇ ಆವೃತ್ತಿಯ ಮೇಲೆ ನಿಂತಿದ್ದವು. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೇ ಮುಗಿದಿತ್ತು. ಹೊಸ ಕಂಪ್ಯೂಟರಿನಲ್ಲಿ ಹಳೇ ಉಪಕರಣ ಓಡಿಸಬೇಕೆಂದರೆ ಅದಕ್ಕಾಗಿ ಹಳೇ ಕಂಪ್ಯೂಟರಿನ ವೇಷವನ್ನೇ ಕಟ್ಟಬೇಕಿತ್ತು. ಎರಡು ನಿಮಿಷದ ವಾಚ್‌ಫೇಸ್ ಬರೆಯಲು ಅರ್ಧ ದಿನದ ಸಿದ್ಧತೆ. ಕೋರ್ ಈಗ ಉಪಕರಣಗಳನ್ನು ಪೈಥಾನ್ 3ಕ್ಕೆ ತಂದಿದೆ. ಏನೂ ಇನ್‌ಸ್ಟಾಲ್ ಮಾಡದೆ ಬ್ರೌಸರಿನಲ್ಲೇ ಬರೆಯುವ ಕ್ಲೌಡ್‌ಪೆಬಲ್ ಕೂಡ ಮತ್ತೆ ಬಂದಿದೆ. ಡೆವಲಪರ್‌ಗಳು ಹೆಚ್ಚು ಖುಷಿಪಟ್ಟಿದ್ದು ಇದಕ್ಕೆ ಅನ್ನುವುದರಲ್ಲಿ ಆಶ್ಚರ್ಯ ಇಲ್ಲ. ಹೊಸ ಸೆನ್ಸರ್ ಬಂದರೆ ಒಂದೆರಡು ಹೊಸ ಆಪ್ ಹುಟ್ಟಬಹುದು. ಸಿದ್ಧತೆಯ ಅರ್ಧ ದಿನ ಉಳಿದರೆ ಹೊಸ ಡೆವಲಪರ್‌ಗಳೇ ಹುಟ್ಟುತ್ತಾರೆ.

ಉಪಕರಣ ಕೆಟ್ಟದಿದ್ದರೆ ಏನಾಗುತ್ತದೆ ಎಂದು ಆಪಲ್ ಉದಾಹರಣೆಯಲ್ಲೇ ನೋಡಬಹುದು. 2014ರ ನವೆಂಬರ್‌ನಲ್ಲಿ ಆಪಲ್ ಡೆವಲಪರ್‌ಗಳಿಗೆ ಕೊಟ್ಟ ವಾಚ್‌ಕಿಟ್ ಎಂಬ ಉಪಕರಣದ ಮೊದಲ ಆವೃತ್ತಿಯಲ್ಲಿ ಆಪ್‌ನ ಕೋಡು ವಾಚಿನಲ್ಲಿ ಓಡುತ್ತಲೇ ಇರಲಿಲ್ಲ. ಕೋಡು ಓಡುತ್ತಿದ್ದದ್ದು ಫೋನಿನಲ್ಲಿ, ವಾಚಿನಲ್ಲಿ ಪರದೆ ತೋರಿಸುವ ಕೆಲಸ ಮಾತ್ರ. ಪ್ರತಿ ಒತ್ತಿಗೂ ಬ್ಲೂಟೂತ್‌ನಲ್ಲಿ ಹೋಗಿ ಬರಬೇಕು. ಆಪ್‌ಗಳು ತೆವಳಿದವು, ಜನ ತೆರೆಯುವುದನ್ನು ಬಿಟ್ಟರು. 2015ರ ಸೆಪ್ಟೆಂಬರ್‌ನಲ್ಲಿ ವಾಚ್‌ಓಎಸ್ 2 ಬಂದ ಮೇಲೆ ಕೋಡು ವಾಚಿಗೇ ಇಳಿಯಿತು. ಆದರೆ ಅಷ್ಟರಲ್ಲಿ ಅಭಿಪ್ರಾಯ ಗಟ್ಟಿಯಾಗಿತ್ತು. 2017ರಲ್ಲಿ ಗೂಗಲ್ ಮ್ಯಾಪ್ಸ್, ಅಮೆಜಾನ್‌ನಂಥವರೇ ತಮ್ಮ ವಾಚ್ ಆಪ್ ತೆಗೆದುಹಾಕಿದ್ದರು.

ಹೆಬ್ಬಾಗಿಲು ಫೋನಿನಲ್ಲಿದೆ

ಪೆಬಲ್‌ಗೆ ಸ್ವಂತ ಇಂಟರ್ನೆಟ್ ಇಲ್ಲ. ಹವಾಮಾನ ತೋರಿಸುವ ವಾಚ್‌ಫೇಸ್ ಇದೆ ಅಂದುಕೊಳ್ಳಿ. ಅದರ ಅರ್ಧ ವಾಚಿನಲ್ಲಿ ಸಿ ಭಾಷೆಯಲ್ಲಿರುತ್ತದೆ. ಇನ್ನರ್ಧ ಜಾವಾಸ್ಕ್ರಿಪ್ಟ್, ಅದು ಓಡುವುದು ಫೋನಿನಲ್ಲಿರುವ ಪೆಬಲ್ ಆಪ್ ಒಳಗೆ. ಅದು ಊರು ಯಾವುದೆಂದು ತಿಳಿದು, ಇಂಟರ್ನೆಟ್ಟಿನಿಂದ ಉಷ್ಣತೆ ತಂದು, ಕೆಲವೇ ಬೈಟ್‌ಗಳನ್ನು ಬ್ಲೂಟೂತ್‌ನಲ್ಲಿ ವಾಚಿಗೆ ದಾಟಿಸುತ್ತದೆ. ಆಪ್‌ಸ್ಟೋರ್ ತೆರೆಯುವುದೂ ಅದೇ ಫೋನ್ ಆಪ್‌ನಲ್ಲಿ.

ಹಾಗಾಗಿ ವಾಚಿನ ಕೋಡು ಎಷ್ಟೇ ತೆರೆದಿರಲಿ, ಫೋನ್ ಆಪ್ ಯಾರ ಕೈಯಲ್ಲಿದೆಯೋ ಹೆಬ್ಬಾಗಿಲಿನ ಬೀಗ ಅವರ ಕೈಯಲ್ಲಿ. ಗೂಗಲ್ ಜನವರಿಯಲ್ಲಿ ಕೊಟ್ಟದ್ದು ವಾಚಿನ ಕೋಡನ್ನು. ಫೋನ್ ಆಪ್ ಹೊಸದಾಗಿ ಬರೆಯಬೇಕಿತ್ತು. ಆಪ್‌ಸ್ಟೋರಿನ ಸರಕು ರೆಬಲ್ ಬಳಿ ಇತ್ತು. ಕೋರ್ ಮತ್ತು ರೆಬಲ್ ಮುಖಾಮುಖಿಯಾಗಿದ್ದು ಈ ಎರಡರ ಮೇಲೆ.

ರೆಬಲ್ ಮಾತು, ಕೋರ್ ಮಾತು

ರೆಬಲ್ ಹೇಳುವುದು ಹೀಗೆ. ಸುಮಾರು 13,000 ಆಪ್ ಮತ್ತು ವಾಚ್‌ಫೇಸ್‌ಗಳನ್ನು ನಾವು ಉಳಿಸಿದೆವು. ವರ್ಷಗಟ್ಟಲೆ ಸರ್ವರ್ ಖರ್ಚು ಹೊತ್ತೆವು, ಹೊಸ ಆಪ್‌ಗಳಿಗೂ ಜಾಗ ಕೊಟ್ಟೆವು. ಹೊಸ ಫೋನ್ ಆಪ್‌ನ ಅಡಿಯಲ್ಲಿರುವ ಸಿದ್ಧ ಕೋಡಿನ ಸಂಗ್ರಹಕ್ಕೂ (ಲೈಬ್ರರಿ) ನಮ್ಮವರ ಕೆಲಸವೇ ಬೇರು. ಕೋರ್ ಜೊತೆ ಒಪ್ಪಂದಕ್ಕೆ ಕೂತೆವು, ಬಳಕೆದಾರರ ಲೆಕ್ಕದಲ್ಲಿ ತಿಂಗಳಿಗೆ ಇಷ್ಟು ಎಂದು ಹಣ ಕೊಡುವ ಮಾತೂ ನಡೆಯಿತು. ಆದರೆ ಕೋರ್ ಇಡೀ ಆಪ್‌ಸ್ಟೋರ್ ಡೇಟಾ ಕೇಳುತ್ತಿದೆ, ಅದನ್ನು ಏನು ಮಾಡುತ್ತದೆ ಎಂಬುದಕ್ಕೆ ಮಿತಿ ಒಪ್ಪುತ್ತಿಲ್ಲ. ನಮ್ಮ ಅನುಮತಿ ಇಲ್ಲದೆ ನಮ್ಮ ಸರ್ವರಿನಿಂದ ಡೇಟಾ ಎಳೆದುಕೊಂಡಿದೆ. ನಾಳೆ ಅದನ್ನೇ ಬಳಸಿ ತನ್ನ ಬೇಲಿ ಹಾಕಿಕೊಂಡರೆ, ಕಂಪನಿ ಇನ್ನೊಮ್ಮೆ ಮುಚ್ಚಿದರೆ, ಮತ್ತೆ 2016ಕ್ಕೇ ಬಂದು ನಿಲ್ಲುತ್ತೇವೆ.

ಮಿಜಿಕೋವ್ಸ್ಕಿ ಇದನ್ನು ಒಪ್ಪಲಿಲ್ಲ. ಡೇಟಾ ಕದ್ದಿಲ್ಲ, ವಾಚ್‌ಫೇಸ್‌ಗಳನ್ನು ನೋಡಿ ಆರಿಸಲು ಒಂದು ಪುಟ್ಟ ಸಾಧನ ಮಾಡಿಕೊಂಡೆ ಅಷ್ಟೇ ಎಂದ. ಆತನ ಮುಖ್ಯ ವಾದ ಬೇರೆ. ಆ 13,000 ಆಪ್‌ಗಳು ರೆಬಲ್‌ನವಲ್ಲ, ಬರೆದ ಡೆವಲಪರ್‌ಗಳವು. ಅವರು ಅವನ್ನು ಹಾಕಿದ್ದು ಎಲ್ಲ ಪೆಬಲ್ ಬಳಕೆದಾರರಿಗಾಗಿ. ಅದಕ್ಕೆ ಒಂದು ಗುಂಪು ಬೇಲಿ ಹಾಕಬಾರದು. ಬೇರೊಬ್ಬರ ಅನುಮತಿ ಮೇಲೆ ನಿಂತಿರುವ ಆಪ್‌ಸ್ಟೋರ್ ನಂಬಿ ವಾಚು ಮಾರಲು ಆಗುವುದಿಲ್ಲ.

ಗಮನಿಸಿ, ಇಬ್ಬರೂ ಎದುರಿನವರಿಗೆ ಹೇಳುತ್ತಿರುವುದು ಒಂದೇ ಮಾತು: 'ನೀವು ಬೇಲಿ ಹಾಕುತ್ತೀರಿ.' ಇಬ್ಬರ ಭಯವೂ ಸುಳ್ಳಲ್ಲ. ಒಮ್ಮೆ ಮುಚ್ಚಿದ ಕಂಪನಿಯ ಸ್ಥಾಪಕನನ್ನು ಕಣ್ಣುಮುಚ್ಚಿ ನಂಬಿ ಅಂತ ರೆಬಲ್‌ಗೆ ಹೇಳಲಾಗದು. ತನ್ನ ಗ್ರಾಹಕರ ಆಪ್‌ಸ್ಟೋರ್ ಬೇರೆಯವರ ಮರ್ಜಿಯಲ್ಲಿ ಇರಲಿ ಅಂತ ಕೋರ್‌ಗೂ ಹೇಳಲಾಗದು.

ಆ 13,000 ಆಪ್‌ಗಳು ಯಾರವು?

ಕಾನೂನಿನಲ್ಲಿ ಪ್ರತಿ ಆಪ್‌ನ ಹಕ್ಕು ಅದನ್ನು ಬರೆದವರದು. ಇದು ಸರಳ. ಆದರೆ ಬರೆದವರಲ್ಲಿ ಎಷ್ಟೋ ಜನ ಹತ್ತು ವರ್ಷದ ಹಿಂದೆಯೇ ಪೆಬಲ್ ಬಿಟ್ಟಿದ್ದಾರೆ. ಅಂದಿನ ಇಮೇಲ್ ಇವತ್ತು ನಡೆಯುತ್ತಿದೆ ಅನ್ನುವ ಖಾತ್ರಿ ಇಲ್ಲ. ಅವರನ್ನು ಹುಡುಕಿ ಅನುಮತಿ ಕೇಳುವುದು ಆಗದ ಕೆಲಸ.

ಹಾಗಿದ್ದರೆ ಎಲ್ಲವನ್ನೂ ಒಟ್ಟು ಮಾಡಿ ಜೋಪಾನ ಮಾಡಿದವರಿಗೆ ಹಕ್ಕಿಲ್ಲವೇ? ಅಮೆರಿಕದಲ್ಲಿ ಇದಕ್ಕೆ ಹತ್ತಿರದ ಒಂದು ತೀರ್ಪಿದೆ. ಕ್ಯಾನ್ಸಸ್‌ನ ಒಂದು ಟೆಲಿಫೋನ್ ಕಂಪನಿಯ ಡೈರೆಕ್ಟರಿಯಿಂದ ಹೆಸರು, ನಂಬರುಗಳನ್ನು ಇನ್ನೊಂದು ಪ್ರಕಾಶನ ಎತ್ತಿಕೊಂಡಿತ್ತು. 1991ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಬೆವರು ಸುರಿಸಿ ಒಟ್ಟು ಮಾಡಿದ ಮಾತ್ರಕ್ಕೆ ಕಾಪಿರೈಟ್ ಬರುವುದಿಲ್ಲ, ಆಯ್ಕೆ ಮತ್ತು ಜೋಡಣೆಯಲ್ಲಿ ಸ್ವಂತಿಕೆ ಇರಬೇಕು ಎಂದಿತು. ನಮ್ಮ ಸುಪ್ರೀಂ ಕೋರ್ಟ್ ಕೂಡ 2007ರಲ್ಲಿ ಕಾನೂನು ವರದಿಗಳ ಪ್ರಕರಣವೊಂದರಲ್ಲಿ ಬರೀ ಶ್ರಮ ಸಾಲದು ಎಂದೇ ಹೇಳಿತು. ಯುರೋಪಿನಲ್ಲಿ ಮಾತ್ರ ಡೇಟಾಬೇಸ್ ಕಟ್ಟಲು ದುಡ್ಡು, ಶ್ರಮ ಹಾಕಿದವರಿಗೆ ಬೇರೆಯೇ ಹಕ್ಕಿದೆ.

ಕಾನೂನು ಹೀಗಿರಬಹುದು. ಆದರೆ ಒಂದು ಊರಿನ ಕೆರೆಯನ್ನು ನೆನೆಯಿರಿ. ಕಟ್ಟಿಸಿದವರು ಯಾರೋ, ಊರು ಬಿಟ್ಟು ಹೋದರು. ಹೂಳು ಎತ್ತಿ, ಏರಿ ಕಾದು, ಒಡೆಯದಂತೆ ನೋಡಿಕೊಂಡವರು ಇನ್ಯಾರೋ. ಕೆರೆ ಅವರ ಸ್ವಂತ ಆಸ್ತಿ ಆಗುವುದಿಲ್ಲ, ನಿಜ. ಹಾಗಂತ ಹೊಸದಾಗಿ ಬಂದವರು ನೀರೆತ್ತುವಾಗ ಅವರನ್ನು ಕೇಳದೇ ಹೋದರೆ ಅದೂ ಸರಿಯಲ್ಲ. ಮುಂದಿನ ವರ್ಷ ಹೂಳು ಎತ್ತುವವರು ಯಾರು ಎಂಬ ಪ್ರಶ್ನೆಗೆ ಆಮೇಲೆ ಉತ್ತರ ಸಿಗುವುದಿಲ್ಲ. ಆಪ್‌ಗಳ ಸಂಗ್ರಹ ಎಲ್ಲರಿಗೂ ತೆರೆದಿರಬೇಕು, ಅದನ್ನು ಕಾಯ್ದವರಿಗೆ ಖರ್ಚು, ಮನ್ನಣೆ ಎರಡೂ ಸಿಗಬೇಕು. ಇವೆರಡರಲ್ಲಿ ಒಂದನ್ನು ಮಾತ್ರ ಆರಿಸಬೇಕಾದ ಅಗತ್ಯವೇ ಇಲ್ಲ. ಅಳತೆಗೋಲು ಇದಾಗಿದ್ದರೆ, ಕೋರ್ ವಾದ ತತ್ವದಲ್ಲಿ ಸರಿ, ನಡೆದುಕೊಂಡ ರೀತಿಯಲ್ಲಿ ಅವಸರ ಜಾಸ್ತಿ ಅನಿಸುತ್ತದೆ.

ದೂರು ಬಂದ ಸುಮಾರು ಒಂದು ವಾರಕ್ಕೆ ಕೋರ್ ಫೋನ್ ಆಪ್‌ನ ಕೋಡನ್ನೂ ಬಿಡುಗಡೆ ಮಾಡಿತು. ಕೆಲವು ಹೊರಗಿನ ಸೇವೆಗಳ ತುಣುಕು ಬಿಟ್ಟರೆ ವಾಚು ನಡೆಯಲು ಬೇಕಾದ ಸಾಫ್ಟ್‌ವೇರ್ ಪೂರ್ತಿ ಬಯಲಲ್ಲಿದೆ. ತನ್ನ ಆಪ್‌ಸ್ಟೋರಿನ ಸರಕಿನ ಪ್ರತಿಯನ್ನು ಇಂಟರ್ನೆಟ್ ಆರ್ಕೈವ್ ಎಂಬ ಸಾರ್ವಜನಿಕ ಡಿಜಿಟಲ್ ಗ್ರಂಥಾಲಯಕ್ಕೆ ಹಾಕುವುದಾಗಿ ಹೇಳಿತು. ಫೋನ್ ಆಪ್ ಒಂದೇ ಆಪ್‌ಸ್ಟೋರಿಗೆ ಅಂಟಿಕೊಳ್ಳದೆ ಹಲವು ಕಡೆಯಿಂದ ಆಪ್ ತರುವಂತೆ ಮಾಡಿತು. ಬೇಕಾದವರು ಕೋರ್ ಅಂಗಡಿ ನೋಡಬಹುದು, ಬೇಕಾದವರು ರೆಬಲ್‌ನದು, ಅಥವಾ ಎರಡೂ. ರೆಬಲ್ ಅಷ್ಟು ಜೋರಾಗಿ ಕೂಗದಿದ್ದರೆ ಇದು ಇಷ್ಟು ಬೇಗ ಆಗುತ್ತಿತ್ತೇ ಎಂಬುದು ಅನುಮಾನ.

ಐಫೋನ್ ಇರುವವರಿಗೆ ಬೇರೆ ಗೋಡೆ

ಎಷ್ಟೇ ಕೋಡು ತೆರೆದರೂ ದಾಟಲಾಗದ ಒಂದು ಗೋಡೆ ಇದೆ. ಐಫೋನಿಗೆ ಬಂದ ಮೆಸೇಜನ್ನು ಪೆಬಲ್ ತೋರಿಸಬಲ್ಲದು, ಅದಕ್ಕೆ ಉತ್ತರ ಕಳಿಸಲಾರದು. ಆಪಲ್ ಆ ಸೌಲಭ್ಯವನ್ನು ತನ್ನ ವಾಚಿಗಷ್ಟೇ ಇಟ್ಟುಕೊಂಡಿದೆ. ಪೆಬಲ್‌ನ ಫೋನ್ ಆಪ್ ಹಿನ್ನೆಲೆಯಲ್ಲಿ ಓಡುವುದಕ್ಕೂ ಐಫೋನಿನಲ್ಲಿ ಮಿತಿ ಇದೆ, ಆದ್ದರಿಂದ ಆಂಡ್ರಾಯ್ಡ್‌ನಲ್ಲಿ ಸರಾಗವಾಗಿ ನಡೆಯುವ ಆಪ್ ಇಲ್ಲಿ ಎಡವಬಹುದು. ಈ ಮಿತಿಗಳನ್ನು ಮಿಜಿಕೋವ್ಸ್ಕಿ ವಾಚು ಪ್ರಕಟಿಸಿದ ಹೊತ್ತಿನಲ್ಲೇ ಮುಚ್ಚುಮರೆ ಇಲ್ಲದೆ ಪಟ್ಟಿ ಮಾಡಿದ್ದ. 2024ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರ ಆಪಲ್ ಮೇಲೆ ಹೂಡಿದ ಮೊಕದ್ದಮೆಯಲ್ಲೂ ಬೇರೆ ಕಂಪನಿಗಳ ಸ್ಮಾರ್ಟ್‌ವಾಚ್‌ಗಳ ವಿಷಯ ಇದೆ. ಒಂದು ವರ್ಷದ ನಂತರ ಯುರೋಪ್ ಒಕ್ಕೂಟ, ನೋಟಿಫಿಕೇಶನ್‌ನಂಥ ಸೌಲಭ್ಯವನ್ನು ಬೇರೆ ವಾಚುಗಳಿಗೂ ಕೊಡಬೇಕೆಂದು ಆಪಲ್‌ಗೆ ಆದೇಶಿಸಿತು. ಆ ಆದೇಶ ಯುರೋಪಿಗೆ ಮಾತ್ರ. ಭಾರತದಲ್ಲಿ ಐಫೋನ್ ಇಟ್ಟುಕೊಂಡು ಪೆಬಲ್ ಕೊಳ್ಳುವವರು ಇದನ್ನು ತಿಳಿದೇ ಕೊಳ್ಳಬೇಕು.

ಮುಂದೆ ಏನಾಗಬಹುದು

ಡೆವಲಪರ್‌ಗಳಿಗೆ ಸದ್ಯಕ್ಕೆ ಒಂದಿಷ್ಟು ರಗಳೆ. ಎರಡು ಆಪ್‌ಸ್ಟೋರ್ ಅಂದರೆ ಎರಡು ಕಡೆ ಹಾಕಬೇಕು, ಎರಡು ಕಡೆ ಅಪ್‌ಡೇಟ್ ಮಾಡಬೇಕು. ಒಂದು ಕಡೆ ಮರೆತರೆ ಅಲ್ಲಿನವರಿಗೆ ಹಳೇ ಆವೃತ್ತಿ ಸಿಗುತ್ತದೆ, ತಪ್ಪು ವರದಿಗಳು ಬರುತ್ತವೆ. ಎರಡು ಅಂಗಡಿಗಳ ನಡುವೆ ಮಾಹಿತಿ ತಾನಾಗಿಯೇ ಹರಿಯುವ ವ್ಯವಸ್ಥೆ ಆಗದಿದ್ದರೆ ಈ ಕಷ್ಟ ಬೆಳೆಯುತ್ತದೆ.

ರೆಬಲ್‌ಗೆ ಇದು ಉಳಿವಿನ ಪ್ರಶ್ನೆ. ಹೊಸ ವಾಚು ಕೊಂಡವರು ಕೋರ್ ಸೇವೆಯನ್ನೇ ಬಳಸಿದರೆ 3 ಡಾಲರ್ ಚಂದಾ ಕಟ್ಟುವವರು ಕಡಿಮೆ ಆಗುತ್ತಾರೆ. ಚಂದಾ ಕುಗ್ಗಿದರೆ ಸರ್ವರ್ ನಿಲ್ಲುತ್ತದೆ. ರೆಬಲ್ ನಿಂತರೆ, ಕೋರ್ ಮುಂದೊಂದು ದಿನ ಎಡವಿದಾಗ ಹಿಡಿದುಕೊಳ್ಳಲು ಇನ್ನೊಂದು ಕೈ ಇರುವುದಿಲ್ಲ. 2018ರಲ್ಲಿ ಆ ಕೈ ಇತ್ತು ಎಂಬ ಕಾರಣಕ್ಕೇ 2025ರಲ್ಲಿ ಹಳೇ ಆಪ್‌ಗಳು ಹೊಸ ವಾಚಿನಲ್ಲಿ ಓಡಿದ್ದು.

ಕೊಳ್ಳುವವರಿಗೆ ಹಿಂದೆಂದೂ ಇಲ್ಲದ ಒಂದು ಭರವಸೆ ಇದೆ. ಕಂಪನಿ ಮುಚ್ಚಿದರೂ ವಾಚಿನ ಕೋಡು, ಫೋನ್ ಆಪ್‌ನ ಕೋಡು ಬಯಲಲ್ಲಿ ಉಳಿಯುತ್ತವೆ. ಯಾರಾದರೂ ಮುಂದುವರಿಸಬಹುದು. ಬೇರೆ ಯಾವ ದೊಡ್ಡ ಕಂಪನಿಯ ವಾಚಿನ ಬಗ್ಗೆಯೂ ಇವತ್ತು ಈ ಮಾತು ಹೇಳಲಾಗದು.

ಕನ್ನಡಕ್ಕೆ ಇದರಲ್ಲಿ ಏನಿದೆ?

ಹಳೇ ಪೆಬಲ್‌ನಲ್ಲಿ ಕನ್ನಡ ಮೆಸೇಜ್ ಬಂದರೆ ಕಾಣುತ್ತಿದ್ದದ್ದು ಖಾಲಿ ಚೌಕಗಳ ಸಾಲು. ಅಕ್ಷರಗಳ ಫಾಂಟ್ ಇಲ್ಲದಿರುವುದು ಒಂದು ಕಾರಣ. ಇನ್ನೊಂದು ಕಾರಣ ಆಳದ್ದು. 'ಕರ್ನಾಟಕ' ಎಂಬ ಪದವನ್ನೇ ನೋಡಿ. ಕಂಪ್ಯೂಟರಿನೊಳಗೆ ಅದು ಏಳು ಸಂಕೇತಗಳ ಸಾಲು: ಕ, ರ, ಅರ್ಧಾಕ್ಷರದ ಚಿಹ್ನೆ, ನ, ದೀರ್ಘದ ಚಿಹ್ನೆ, ಟ, ಕ. ಬರೆಯುವಾಗ ರ ಮೊದಲು, ನ ಆಮೇಲೆ. ಪರದೆಯ ಮೇಲೆ ಮಾತ್ರ 'ನಾ' ಮೊದಲು ಬಂದು, ರ ಎಂಬುದು ಅರ್ಕಾವತ್ತಾಗಿ ಅದರ ಬಲಕ್ಕೆ ಹೋಗಿ ಕೂರಬೇಕು. ನ ಅಕ್ಷರದ ತಲೆಕಟ್ಟೂ ದೀರ್ಘ ಸೇರಿದಾಗ ರೂಪ ಬದಲಿಸುತ್ತದೆ. ಹೀಗೆ ಸ್ಥಳ ಬದಲಿಸಿ, ರೂಪ ಬದಲಿಸಿ ಜೋಡಿಸುವ ಕೆಲಸಕ್ಕೆ ಬೇರೆಯೇ ಕೋಡು ಬೇಕು. ಬಂದ ಸಂಕೇತಗಳನ್ನು ಒಂದರ ಪಕ್ಕ ಒಂದು ಇಡುತ್ತಾ ಹೋಗುವ ವಾಚು ಬರೀ ಫಾಂಟ್ ಕೊಟ್ಟರೆ ಕನ್ನಡವನ್ನು ಚೂರುಚೂರು ಮಾಡಿ ತೋರಿಸುತ್ತದೆ. ಮೊದಲು ಇದಕ್ಕಾಗಿ ಕಂಪನಿಗೆ ಬೇಡಿಕೆ ಕಳಿಸಿ ಕಾಯಬೇಕಿತ್ತು. ಈಗ ಪಠ್ಯ ಜೋಡಿಸುವ ಆ ಭಾಗದ ಕೋಡನ್ನೇ ತೆರೆದು ತಿದ್ದಬಹುದು. ಬೆಂಗಳೂರಿನಲ್ಲಿ ಇಂಥ ಪುಟ್ಟ ಚಿಪ್‌ಗಳಿಗೆ ಕೋಡು ಬರೆಯುವ ಕನ್ನಡಿಗರಿಗೆ ಬರ ಇಲ್ಲ.

ಅಲ್ಲಿಯವರೆಗೂ ಸುಮ್ನೆ ಕೂರಬೇಕಿಲ್ಲ. ಕನ್ನಡ ಅಂಕಿಗಳಿಗೆ ಒತ್ತೂ ಇಲ್ಲ, ಗುಣಿತವೂ ಇಲ್ಲ. ವಾಚ್‌ಫೇಸ್ ಬರೆಯುವಾಗ ಒಂದು ಕನ್ನಡ ಫಾಂಟ್ ಸೇರಿಸಿ, ಅದರಿಂದ ೦ಯಿಂದ ೯ರವರೆಗಿನ ಹತ್ತು ಅಂಕಿ ಮತ್ತು ನಡುವಿನ ಎರಡು ಚುಕ್ಕಿ ಮಾತ್ರ ಸಾಕು ಎಂದು ಸೂಚಿಸುವ ಸೌಲಭ್ಯ ಉಪಕರಣದಲ್ಲೇ ಇದೆ. ಉಳಿದ ಅಕ್ಷರಗಳು ವಾಚಿಗೆ ಹೋಗುವುದೇ ಇಲ್ಲ, ಜಾಗ ಉಳಿಯುತ್ತದೆ. ವಾರದ ಹೆಸರು ಬೇಕೆಂದರೆ ಭಾನುವಾರದಿಂದ ಶನಿವಾರದವರೆಗೆ ಏಳು ಪುಟ್ಟ ಚಿತ್ರ ಮಾಡಿಟ್ಟು, ದಿನಕ್ಕೊಂದು ತೋರಿಸಿದರಾಯಿತು. ನಿಮಿಷ ಬದಲಾದಾಗ ವಾಚು ಏಳುತ್ತದೆ, ೧೦:೪೫ ಎಂದು ಬರೆದು ಮತ್ತೆ ಮಲಗುತ್ತದೆ. ಕ್ಲೌಡ್‌ಪೆಬಲ್‌ನಲ್ಲಿ, ಎಮ್ಯುಲೇಟರಿನ ಮೇಲೆ, ವಾಚೇ ಇಲ್ಲದೆ ಇದನ್ನು ಇವತ್ತೇ ಬರೆದು ನೋಡಬಹುದು.